ಡ್ರಿಪ್ಪಿನವರು, ಗುಳಿಗೆಯವರು

ಮಾರ್ಕರ್ ಪೆನ್ನು ಒಣಗಿಹೋಗಿತ್ತು. ಡಾಕ್ಟರಮ್ಮ ಅದನ್ನು ಅಂಗೈಗೆ ಉಜ್ಜಿದಳು, ಕೊಡವಿದಳು, ತುದಿಯನ್ನು ಸ್ಪಿರಿಟ್ಟಿಗೆ ಅದ್ದಿಯೂ ನೋಡಿದಳು. ಗೌನಿನ ಮೇಲೆ ಒಂದು ಬೂದು ಗೀರು ಬಿತ್ತೇ ಹೊರತು ಅಕ್ಷರ ಮೂಡಲಿಲ್ಲ. ವೈರಸ್ ಜ್ವರದ ಆ ವಾರ್ಡಿಗೆ ಹೋಗುವವರು ಅಡಿಯಿಂದ ಮುಡಿಯವರೆಗೆ ಬಿಳಿ ಗೌನು ತೊಟ್ಟು, ಮಾಸ್ಕು ಬಿಗಿದು, ಅದರ ಮೇಲೊಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡ ಮೇಲೆ ಯಾರು ಡಾಕ್ಟರು, ಯಾರು ನರ್ಸು, ಯಾರು ನೆಲ ಒರೆಸುವವರು ಎಂದು ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಂಡೇ ಒಳಗೆ ಹೋಗುವುದು.

"ಹೆಸರಿಲ್ದೆ ಹೋಗ್ತೀರಾ? ತಡೀರಿ, ಸ್ಟೋರಿಂದ ಬೇರೆ ಪೆನ್ನು ತರಿಸ್ತೀನಿ," ಎಂದರು ದೊಡ್ಡ ಸಿಸ್ಟರು.

"ನೀವು ತರಿಸೋಷ್ಟರಲ್ಲಿ ನಾನೊಂದು ಸುತ್ತು ಮುಗಿಸಿರ್ತೀನಿ. ನನ್ನ ಹೆಸರು ಓದಿಕೊಂಡು ಯಾರಿಗೆ ಏನಾಗಬೇಕು ಸಿಸ್ಟರ್?"

ಮಾಸ್ಕಿನೊಳಗಿಂದ ಕೂಗಿ ಕೂಗಿ ಅವಳ ಗಂಟಲು ಕಟ್ಟಿ, ದನಿ ಒಡಕು ಮಡಕೆಯಂತಾಗಿತ್ತು. ಆದರೂ ಅವತ್ತು ಅವಳು ಖುಷಿಯಲ್ಲಿದ್ದಳು. ಪೆನ್ನಿಗೆ ಕಾಯುತ್ತ ಕೂರುವ ತಾಳ್ಮೆ ಅವಳಲ್ಲಿರಲಿಲ್ಲ.

ಖುಷಿಗೆ ಕಾರಣವಿತ್ತು. ಶ್ವಾಸಕೋಶಕ್ಕೇ ಇಳಿದು ಕೂರುವ ಆ ವೈರಸ್ ಜ್ವರಕ್ಕೆ ಎರಡು ಔಷಧಿಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡುವ ಕೆಲಸ ಹತ್ತು ಆಸ್ಪತ್ರೆಗಳಲ್ಲಿ ನಡೆದಿತ್ತು. ಒಂದು, ಹೊಸದಾಗಿ ಬಂದ ಡ್ರಿಪ್ಪು. ಐಸಿನ ಪೆಟ್ಟಿಗೆಯಲ್ಲಿ ದೂರದಿಂದ ಬರುವಂಥದು. ಹನಿಹನಿಯಾಗಿ ಮೈಗಿಳಿಯಲು ಗಂಟೆಗಟ್ಟಲೆ ಬೇಕು. ಇನ್ನೊಂದು, ಕೀಲು ಊತಕ್ಕೆ ಅಜ್ಜಿಯರ ಕಾಲದಿಂದ ಕೊಡುತ್ತಿದ್ದ ಪುಟ್ಟ ಬಿಳಿ ಗುಳಿಗೆ. ರೋಗಿಗಳ ಒಪ್ಪಿಗೆ ಪಡೆದು, ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರು ನಾಣ್ಯ ಚಿಮ್ಮಿದ ಹಾಗೆ ಹೇಳುತ್ತಿತ್ತು. ಅದರಲ್ಲಿ ಯಾರ ಕೈವಾಡವೂ ನಡೆಯುತ್ತಿರಲಿಲ್ಲ. ಬೆಳಗಾದರೆ ಡಾಕ್ಟರಮ್ಮ ಒಬ್ಬೊಬ್ಬರ ಮಂಚದ ಬಳಿಯೂ ನಿಂತು, ಉಸಿರು ಹೇಗಿದೆ, ಬಾತ್‌ರೂಮಿಗೆ ನೀವೇ ನಡೆದು ಹೋಗುತ್ತೀರಾ ಎಂದು ಕೇಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದಳು. ಡ್ರಿಪ್ಪು ಭರ್ಜರಿಯಾಗಿ ಮುಂದಿತ್ತು. ಮರುದಿನ ಸಭೆ. ಅಲ್ಲಿ ಈ ಕೆಲಸದ ಹೊಣೆ ಹೊತ್ತ ದೊಡ್ಡ ಡಾಕ್ಟರು ಗುಳಿಗೆಯನ್ನು ಕೈಬಿಟ್ಟು, ಇನ್ನು ಮೇಲೆ ಎಲ್ಲರಿಗೂ ಡ್ರಿಪ್ಪೇ ಎಂದು ಸಾರುವವರಿದ್ದರು. ಆ ಡ್ರಿಪ್ಪು ಈ ಆಸ್ಪತ್ರೆಗೆ ಬರಲೆಂದು ಕಚೇರಿ ಕಚೇರಿ ಅಲೆದವಳು ಇವಳು. ಸೂಜಿಯನ್ನೂ ಇನ್ನೊಬ್ಬರ ಕೈಗೆ ಕೊಡದೆ ತಾನೇ ಚುಚ್ಚುತ್ತಿದ್ದಳು. ಮಗಳು ಕ್ಲಾಸಿಗೇ ಮೊದಲು ಬಂದಾಗಲೂ ಅವಳು ಇಷ್ಟು ಬೀಗಿರಲಿಲ್ಲ.

ಸ್ಟೋರಿನ ಕಡೆಯ ಸಣ್ಣ ಬಾಗಿಲಿನಿಂದ ಒಳಗೆ ಹೋದಳು. ದಿನವೂ ಹಾಗಲ್ಲ. ದಿನವೂ ದೊಡ್ಡ ಬಾಗಿಲಿನಲ್ಲಿ ಸಿಸ್ಟರು ಮುಂದೆ ನಿಂತು, "ಡಾಕ್ಟರಮ್ಮ ಬಂದ್ರು, ಏಳಿ," ಎನ್ನುತ್ತಿದ್ದರು. ಆಗ ಸಾಲು ಮಂಚಗಳಲ್ಲಿ ದಿಂಬುಗಳು ನೆಟ್ಟಗಾಗುತ್ತಿದ್ದವು, ಹೊದಿಕೆಗಳು ಮಡಿಕೆಯಾಗುತ್ತಿದ್ದವು. ಅವಳು ಕಂಡಿದ್ದು ಯಾವಾಗಲೂ ಆ ವಾರ್ಡನ್ನು. ಇವತ್ತು ಯಾರೂ ಎದ್ದಿರಲಿಲ್ಲ.

ಕಿಟಕಿಯ ಪಕ್ಕದ ಮಂಚದಲ್ಲಿ ಮನೆ ಬ್ರೋಕರು ಮಲಗಿದ್ದರು. ಊರಿನ ಅರ್ಧ ಜನರಿಗೆ ಬಾಡಿಗೆ ಮನೆ ಹುಡುಕಿಕೊಟ್ಟ ಮನುಷ್ಯ. ಅರವತ್ತು ದಾಟಿದ ಮೇಲೂ ಕ್ರಾಪು ತೆಗೆದು, ಮೀಸೆ ಟ್ರಿಮ್ಮು ಮಾಡಿಕೊಂಡು, ಕೇಳಿದ್ದಕ್ಕೆಲ್ಲ "ಫಸ್ಟ್ ಕ್ಲಾಸ್" ಎನ್ನುವವರು. ಅವರು ಡ್ರಿಪ್ಪಿನವರು. ಹಿಂದಿನ ದಿನವೇ ಅವಳು ಅವರಿಗೆ ಎಂಟು ಅಂಕ ಹಾಕಿದ್ದಳು. ಈಗ ನೋಡಿದರೆ ಕೂದಲು ಹಣೆಗೆ ಅಂಟಿತ್ತು, ಮೂಗಿನ ಆಕ್ಸಿಜನ್ ನಳಿಕೆಯ ಕೆಳಗೆ ಬಾಯಿ ತೆರೆದಿತ್ತು, ಕತ್ತಿನ ಗುಣಿ ಪ್ರತಿ ಉಸಿರಿಗೂ ಒಳಗೆ ಜಗ್ಗುತ್ತಿತ್ತು.

"ಹೇಗಿದೆ?" ಎಂದಳು, ಒಡಕು ದನಿಯಲ್ಲಿ.

ಅವರು ಕಣ್ಣು ತೆರೆದು ಅವಳ ಎದೆಯತ್ತ ನೋಡಿದರು. ಅಲ್ಲಿ ಹೆಸರಿರಲಿಲ್ಲ.

"ಹೊಸಬ್ರಾ ತಾಯಿ?... ಹೇಗಿರುತ್ತೆ... ಮೆಟ್ಟಿಲು ಹತ್ತಿದ ಹಾಗೆ. ಮಲಗೇ ಇದ್ದೀನಿ... ಆದ್ರೂ ಹತ್ತುತ್ತಲೇ ಇದ್ದೀನಿ. ಮನೆ ಬರ್ತಾನೇ ಇಲ್ಲ."

"ಡಾಕ್ಟರಮ್ಮಂಗೆ ಹೇಳಿದ್ರಾ?"

"ಅವ್ರಿಗೆ ಹೇಳೋದುಂಟಾ?" ಬ್ರೋಕರು ನಗಲು ಹೋಗಿ ಕೆಮ್ಮಿದರು. "ದಿನಾ ತಾವೇ ಬಂದು ಸೂಜಿ ಹಾಕ್ತಾರೆ... ಅಷ್ಟು ದೂರದಿಂದ ತರಿಸಿದ ಔಷಧಿ... ಮುಗಿಯೋವರೆಗೂ ಪಕ್ಕದಲ್ಲೇ ನಿಂತಿರ್ತಾರೆ, ಪಾಪ. ಗುಣ ಕಾಣ್ತಿಲ್ಲ ಅಂದ್ರೆ... ಆ ಹೆಣ್ಣುಮಗಳ ಮನಸ್ಸು ಏನಾಗಬೇಡ. ನೀವೂ ಹೇಳ್ಬೇಡಿ."

ಅವಳು ಬಗ್ಗಿ ಅವರ ಮೂಗಿನ ನಳಿಕೆ ಸರಿಪಡಿಸಿದಳು.

"ಬಾತ್‌ರೂಮಿಗೆ?"

ಈ ಪ್ರಶ್ನೆಗೆ ಪಕ್ಕದ ಮಂಚದ ಲಾರಿ ಡ್ರೈವರು ಉತ್ತರ ಕೊಟ್ಟ. ಅವನು ಗುಳಿಗೆಯವನು, ವಾರ್ಡಿನ ಖಾಯಂ ತಗಾದೆಕೋರ. ಅವನಿಗೆ ಅವಳು ಮೂರು ಅಂಕಕ್ಕಿಂತ ಹೆಚ್ಚು ಕೊಟ್ಟಿದ್ದೇ ಇಲ್ಲ.

"ನಾನಿಲ್ದಿದ್ರೆ ಇವ್ರು ಬಾತ್‌ರೂಮ್ ಕಂಡ ಹಾಗೇ. ಕಂಕುಳಿಗೆ ಕೈ ಕೊಟ್ಟು ಹೊತ್ಕೊಂಡು ಹೋಗಿ ಹೊತ್ಕೊಂಡು ಬರ್ತೀನಿ, ಡಾಕ್ಟರಮ್ಮ ಬರೋ ಹೊತ್ತಿಗೆ ತಲೆ ಬಾಚಿ ಕೂರಿಸ್ತೀನಿ, ಆದ್ರೆ ಮರ್ಯಾದೆ ಎಲ್ಲ ಇವ್ರಿಗೆ, ಹೊಸ ಸೂಜಿ ಇವ್ರಿಗೆ, ನನಗೆ ನೋಡಿದ್ರೆ ದಿನಕ್ಕೊಂದು ಗುಳಿಗೆ ಕೊಟ್ಟು ಸಾಗಹಾಕ್ತಾರೆ, ಗುಳಿಗೆ ನುಂಗೋಕೆ ನಾನಿಲ್ಲಿಗೆ ಬರಬೇಕಿತ್ತಾ, ನಮ್ಮ ಬೀದಿ ಮೆಡಿಕಲ್ ಶಾಪ್‌ನವನೇ ಕೊಡ್ತಿದ್ದ, ಕೇಳಿದ್ರೆ ಕಂಪ್ಯೂಟರ್ ಹೇಳ್ತು ಅಂತಾರೆ, ಕಂಪ್ಯೂಟರ್‌ಗೆ ನನ್ನ ಮೇಲೇನು ಹಳೇ ದ್ವೇಷ ಅಂತ ನೀವಾದ್ರೂ ವಿಚಾರಿಸಿ."

ಅವಳು ಅವನ ಮಾತನ್ನು ಕೇಳಲಿಲ್ಲ, ಅವನ ಉಸಿರನ್ನು ಕೇಳಿದಳು. ಇಷ್ಟು ಉದ್ದದ ದೂರನ್ನು ಅವನು ಎಲ್ಲಿಯೂ ನಿಲ್ಲಿಸದೆ ಒಂದೇ ದಮ್ಮಿಗೆ ಮುಗಿಸಿದ್ದ.

ಬ್ರೋಕರಿಗೆ ಆಕ್ಸಿಜನ್ ಏರಿಸಿ, ಅವರನ್ನು ಬೋರಲು ಮಲಗಿಸಲು ಹೇಳಿ ಅವಳು ಹೊರಗೆ ಬಂದಳು. ಗೌನು ಬಿಚ್ಚಿ, ಕೈ ತೊಳೆದು, ಬೆಂಚಿನ ಮೇಲೆ ಕುಸಿದಳು. ಎಂಟು ಅಂಕದವರಿಗೆ ಉಸಿರಿಲ್ಲ. ಮೂರು ಅಂಕದವನು ಅವರನ್ನು ಹೊತ್ತು ತಿರುಗುತ್ತಿದ್ದಾನೆ. ಡ್ರಿಪ್ಪಿನವರಿಗೆಲ್ಲ ಅವಳ ಋಣ. ಸೂಜಿ ಚುಚ್ಚಿದವಳ ಮುಖಕ್ಕೇ ಹೊಡೆದಂತೆ ನೋವು ಹೇಳುವುದು ಹೇಗೆ ಎಂಬ ಸಂಕೋಚ. ಗುಳಿಗೆಯವರಿಗೆ ಮೋಸಹೋದೆವೆಂಬ ಸಿಟ್ಟು. ಇರುವ ನೋವಿಗೆ ಇಲ್ಲದ ನಾಲ್ಕು ನೋವು ಸೇರಿಸಿ ಹೇಳುತ್ತಿದ್ದರು. ಅವಳು ಇಷ್ಟು ದಿನ ತೂಗಿದ್ದು ಔಷಧಿಯನ್ನಲ್ಲ, ಜನರ ದಾಕ್ಷಿಣ್ಯವನ್ನು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಿದ್ರಾ," ಎಂದು ತನಗೆ ತಾನೇ ಗೊಣಗಿ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು.

ದೊಡ್ಡ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, "ನೋಡಮ್ಮ, ಹತ್ತು ಆಸ್ಪತ್ರೆಯವರೂ ಡ್ರಿಪ್ಪೇ ಮುಂದಿದೆ ಅಂತಿದ್ದಾರೆ. ಒಂದು ವಾರ್ಡಲ್ಲಿ ಒಬ್ಬರು ಸುಳ್ಳು ಹೇಳಿದ್ರೆ ಲೆಕ್ಕ ತಲೆಕೆಳಗಾಗಲ್ಲ," ಎಂದರು.

"ಹತ್ತೂ ಕಡೆ ಸೂಜಿ ಹಾಕೋರೇ ಹೇಗಿದೆ ಅಂತ ಕೇಳ್ತಿರೋದು ಸರ್. ಅಳಿಯ ಅತ್ತೆ ಮನೆಗೆ ಊಟಕ್ಕೆ ಹೋದಾಗ, ಸಾರಿಗೆ ಉಪ್ಪು ಕಮ್ಮಿ ಅಂತಾನಾ?"

"ನಮ್ಮ ಅಳಿಯ ಅಂತಾನೆ."

"ಹಾಗಾದ್ರೆ ನೀವು ಅವರಿಗೆ ಗುಳಿಗೆ ಕೊಟ್ಟಿರಬೇಕು."

ಆ ಕಡೆ ನಗು ಕೇಳಿಸಿತು. ನಗು ನಿಂತ ಮೇಲೆ ದೊಡ್ಡ ಡಾಕ್ಟರ ದನಿ ಬಿಗಿಯಾಯಿತು.

"ನೀನು ಹೇಳ್ತಿರೋದು ಅರ್ಥ ಆಗ್ತಿದೆಯಾ ನಿನಗೆ? ನೀನು ಇಲ್ಲಿವರೆಗೆ ಕಳಿಸಿದ ಅಂಕ ಎಲ್ಲ ಕಸದ ಬುಟ್ಟಿಗೆ ಹೋಗುತ್ತೆ. ತಪ್ಪು ಮಾಡಿದ್ದು ನಿನ್ನ ವಾರ್ಡು ಅಂತ ಸಭೇಲಿ ನಾನು ಹೇಳಬೇಕಾಗುತ್ತೆ."

"ಹೇಳಿ ಸರ್. ನಾಳೆ ಗುಳಿಗೆ ನಿಲ್ಲಿಸಿಬಿಟ್ರೆ, ಅದೇ ಸರಿಯಾದ ಔಷಧಿ ಆಗಿದ್ರೆ, ಆಮೇಲೆ ಯಾರೂ ಅದರ ಕಡೆ ತಿರುಗಿ ನೋಡಲ್ಲ. ಬರೋ ರೋಗಿಗಳಿಗೆಲ್ಲ ನನ್ನ ಮುಖ ನೋಡಿ ಚೆನ್ನಾಗಿದ್ದೀನಿ ಅನ್ನೋದೊಂದೇ ಉಳಿಯುತ್ತೆ."

ಸಭೆಯಲ್ಲಿ ಏನೇನು ಮಾತಾಯಿತೋ ಅವಳಿಗೆ ತಿಳಿಯದು. ತಿಳಿದದ್ದು ಇಷ್ಟೇ: ಗುಳಿಗೆ ನಿಲ್ಲಲಿಲ್ಲ. ಹತ್ತೂ ಕಡೆ ಎಣಿಕೆ ಮೊದಲಿನಿಂದ ಶುರುವಾಗಬೇಕು. ಇನ್ನು ಮೇಲೆ ರೋಗಿಯನ್ನು ಪರೀಕ್ಷಿಸುವವರಿಗೆ ಅವರು ಯಾವ ಔಷಧಿಯವರೆಂದು ಗೊತ್ತಿರಕೂಡದು.

ಹೇಳುವುದು ಸುಲಭ. ಕೈಯಲ್ಲಿ ಸೂಜಿ ಇದ್ದವರು ಡ್ರಿಪ್ಪಿನವರು, ಇಲ್ಲದವರು ಗುಳಿಗೆಯವರು. ಹಾದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಡಾಕ್ಟರಮ್ಮ ಮತ್ತು ದೊಡ್ಡ ಸಿಸ್ಟರು ಕೂತು ಯೋಚಿಸಿ, ಕೊನೆಗೆ ವಾರ್ಡಿನಲ್ಲಿದ್ದ ಎಲ್ಲರ ಎಡಗೈ ಮಣಿಕಟ್ಟಿಗೂ ಒಂದೇ ಥರದ ದಪ್ಪ ಬ್ಯಾಂಡೇಜು ಸುತ್ತಿಸಿದರು. ಪರೀಕ್ಷೆಯ ಹೊತ್ತಿಗೆ ಡ್ರಿಪ್ಪಿನ ಕಂಬಗಳೆಲ್ಲ ಪರದೆಯ ಹಿಂದೆ ಮರೆಯಾದವು.

"ಸೂಜಿ ಇಲ್ಲ, ಗಾಯ ಇಲ್ಲ, ಬ್ಯಾಂಡೇಜ್ ಮಾತ್ರ ಇದೆ. ಇದ್ಯಾವ ನಾಟಕ?" ಎಂದ ಲಾರಿ ಡ್ರೈವರು.

"ನಾಟಕಾನೇ," ಎಂದರು ಸಿಸ್ಟರು, ಗಂಟು ಬಿಗಿಯುತ್ತ. "ನಿಮ್ಮ ಪಾತ್ರಕ್ಕೆ ಮಾತಿಲ್ಲ. ನಡೆದು ಹೋಗೋದಷ್ಟೇ."

ಡಾಕ್ಟರಮ್ಮ ಬ್ರೋಕರ ಬಳಿ ಕುಳಿತಳು. ಹೊಸ ಪೆನ್ನಿನಿಂದ ಬರೆದ ಹೆಸರು ಎದೆಯ ಮೇಲೆ ಎದ್ದು ಕಾಣುತ್ತಿತ್ತು. ಅದನ್ನು ಕಂಡದ್ದೇ ಅವರ ಕೈ ದಿಂಬಿನ ಕೆಳಗೆ ಬಾಚಣಿಗೆ ಹುಡುಕಿತು.

"ಹೇಗಿದ್ದೀರಿ?"

"ಫಸ್ಟ್ ಕ್ಲಾಸ್... ಅಮ್ಮ."

"ಮೊನ್ನೆ ಹೆಸರಿಲ್ದೆ ಬಂದೋಳು ನಾನೇ."

ಅವರು ಕಣ್ಣು ಮುಚ್ಚಿಕೊಂಡರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ.

"ಒಂದು ಮಾತು ಹೇಳಿ. ಮನೆ ಸೋರುತ್ತೆ ಅಂತ ಗೊತ್ತಿದ್ದೂ ಬಾಡಿಗೆಯವರಿಗೆ ಹೇಳದೆ ಬಿಟ್ಟಿದ್ದೀರಾ?"

"ಅದು... ವ್ಯಾಪಾರ ತಾಯಿ. ಮೊದಲನೇ ಮಳೆಗೆ... ಅವ್ರಿಗೇ ಗೊತ್ತಾಗುತ್ತೆ."

"ನಿಮಗೆ ಮಳೆ ಶುರುವಾಗಿದೆ. ಈ ಎರಡರಲ್ಲಿ ಯಾವ ಔಷಧಿ ಒಳ್ಳೇದು ಅಂತ ನನಗೆ ಗೊತ್ತಿಲ್ಲ. ನಿಜವಾಗಿ ಗೊತ್ತಿಲ್ಲ. ನೀವು ಎಲ್ಲಿ ಸೋರ್ತಿದೆ ಅಂತ ಹೇಳದಿದ್ರೆ ಯಾವತ್ತೂ ಗೊತ್ತಾಗಲ್ಲ. ನನ್ನ ಮೇಲೆ ಕರುಣೆ ಇದ್ರೆ ಬೈಯಿರಿ."

ಡಾಕ್ಟರೊಬ್ಬಳು ತನಗೆ ಗೊತ್ತಿಲ್ಲ ಎನ್ನುವುದನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲವೆಂದು ಕಾಣುತ್ತದೆ. ಬಾಚಣಿಗೆ ಹುಡುಕುತ್ತಿದ್ದ ಕೈಯನ್ನು ಹೊರಗೆ ತೆಗೆದರು. ಆಮೇಲೆ ಒಂದೊಂದೇ ಪದ ಎತ್ತಿಟ್ಟರು. "ಎದೆ ಮೇಲೆ... ಕಬ್ಬಿಣದ ಬೀರು ಇಟ್ಟ ಹಾಗಿದೆ... ಭಯ ಆಗ್ತಿದೆ."

ಅದೇ ಸಂಜೆ ಅವರನ್ನು ಉಸಿರಾಡಿಸುವ ದೊಡ್ಡ ಮಿಷನ್ನಿನ ಕೋಣೆಗೆ ಸಾಗಿಸಬೇಕಾಯಿತು. ಡ್ರೈವರು ಮಂಚದ ಗಾಲಿಯ ಜೊತೆ ಬಾಗಿಲವರೆಗೂ ನಡೆದು ಬಂದ. ದೂರು ಹೇಳಲು ಅವನಿಗೆ ಅವತ್ತೇನೂ ಹೊಳೆಯಲಿಲ್ಲ.

ನಡೆಸಿ ನೋಡುವ ಕೆಲಸಕ್ಕೆ ಮೂಳೆ ಮುರಿದವರ ವಿಭಾಗದಿಂದ ಒಬ್ಬ ಫಿಸಿಯೋಥೆರಪಿಯವನನ್ನು ಕರೆಸಿದ್ದರು. ಎಲ್ಲರೂ ಅವನನ್ನು ನಡಿಗೆ ಮಾಸ್ತರ ಎನ್ನುತ್ತಿದ್ದರು. ಮೊದಲ ದಿನವೇ ಅವನು, "ನನಗೆ ಹೆಸರು ಬೇಡ, ಕಥೆ ಬೇಡ, ಯಾವ ಔಷಧಿ ಅಂತಂತೂ ಬೇಡವೇ ಬೇಡ. ಕಾಲು ಕೊಡಿ ಸಾಕು," ಎಂದ. ಬೆರಳಿಗೆ ಆಕ್ಸಿಜನ್ ತೋರಿಸುವ ಕ್ಲಿಪ್ಪು, ಹಿಂದಿನಿಂದ ಗಾಲಿಕುರ್ಚಿ. ವರಾಂಡದ ಈ ತುದಿಯಿಂದ ಆ ಕಿಟಕಿಯವರೆಗೆ ಹೋಗಿ ಬರಬೇಕು. ಅಂಕಿ ಗೊತ್ತುಮಾಡಿದ ಗೆರೆಗಿಂತ ಕೆಳಗಿಳಿದರೆ ಅಲ್ಲೇ ನಿಲ್ಲಿಸುವುದು.

ಡಾಕ್ಟರಮ್ಮನಿಗೆ ಆ ಹೊತ್ತಿನಲ್ಲಿ ವರಾಂಡಕ್ಕೆ ಪ್ರವೇಶವಿರಲಿಲ್ಲ. ಆ ನಿಯಮವನ್ನು ಅವಳೇ ಮಾಡಿದ್ದಳು. ಗಾಜಿನ ಬಾಗಿಲಿನ ಹಿಂದೆ ನಿಂತು ನೋಡುತ್ತಿದ್ದಳು. ಬ್ಯಾಂಡೇಜಿನ ಕೆಳಗೆ ಯಾರಿಗೆ ಸೂಜಿ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಲಾರಿ ಡ್ರೈವರು ಗೊಣಗುತ್ತ ಹೋಗಿ ಗೊಣಗುತ್ತ ಬಂದ. ಅವನ ಅಂಕಿ ಅಲುಗಲಿಲ್ಲ. ಅವನ ಹಿಂದೆ ಬಂದವನು ಬೇಕರಿಯ ಕೆಲಸದವನು, ಡ್ರಿಪ್ಪಿನವನು. ಹಳೆಯ ಲೆಕ್ಕದಲ್ಲಿ ಅವನಿಗೆ ಅವಳು ಒಂಬತ್ತು ಕೊಟ್ಟಿದ್ದಳು. ಅರ್ಧ ದಾರಿಯಲ್ಲಿ ಅವನ ಕೈ ಗೋಡೆಯ ಕಂಬಿಗೆ ಹೋಯಿತು.

"ಪರವಾಗಿಲ್ಲ ಸಾರ್, ನಡೀತೀನಿ."

"ಬಾಯಿ ನಡೀತೀನಿ ಅನ್ನುತ್ತೆ, ಬೆರಳು ಬೇಡ ಅನ್ನುತ್ತೆ. ನಾನು ಬೆರಳಿನ ಮಾತು ಕೇಳೋನು. ಕೂತ್ಕೊಳ್ಳಿ," ಎಂದು ಮಾಸ್ತರ ಕುರ್ಚಿ ಮುಂದಕ್ಕೆ ತಳ್ಳಿದ.

ಗಾಜಿಗೆ ಹಣೆ ಒತ್ತಿ ಅವಳು ನಿಂತೇ ಇದ್ದಳು. ತನ್ನ ಡ್ರಿಪ್ಪು ಒಬ್ಬೊಬ್ಬರ ಕಾಲಿನಲ್ಲೂ ಸೋಲುತ್ತಿರುವುದನ್ನು ನೋಡುವುದು ಸುಖದ ಮಾತಲ್ಲ. ಆದರೂ ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಕಾಲ ಕೆಳಗೆ ನೆಲ ಇದೆ ಎನಿಸಿತ್ತು. ಒಂದು ವಾರ್ಡಿನಿಂದ ಏನೂ ತೀರ್ಮಾನವಾಗದೆಂದು ತಿಳಿದೂ, ಬೆಳಗಾದರೆ ಆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಮನೆಯಲ್ಲೂ ಅವಳ ಕಾಟ ತಪ್ಪಲಿಲ್ಲ. ಅತ್ತೆ ಎಂದಿನಂತೆ, "ನನಗೇನಮ್ಮ, ಕಲ್ಲುಗುಂಡಿನ ಹಾಗಿದ್ದೀನಿ," ಎಂದರೆ ಸಾಕು, "ಎಲ್ಲಿ ಅತ್ತೆ, ಹಾಲಿಂದ ಅಡುಗೆಮನೆಗೆ ನಡೆದು ತೋರಿಸಿ," ಎನ್ನುತ್ತಿದ್ದಳು. ಮೂರು ಹೆಜ್ಜೆಗೆ ಮಂಡಿ ಹಿಡಿದುಕೊಂಡ ಅತ್ತೆ, "ಓದಿದ ಸೊಸೆ ತರಬಾರದು ಅಂತ ನಮ್ಮಮ್ಮ ಹೇಳಿದ್ರು," ಎಂದು ಕೂತು ಎಣ್ಣೆ ಸೀಸೆ ಕೇಳಿದರು. ಮಗಳು ಅಜ್ಜಿಯ ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, "ಅಂಕಿ ಇಳೀತು," ಎಂದಳು.

ಕೆಲವು ವಾರ ಕಳೆದು ದೊಡ್ಡ ಡಾಕ್ಟರ ಫೋನು ಬಂದಾಗ ಅವಳು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

"ನಿನ್ನ ಡ್ರಿಪ್ಪು ಸೋತುಹೋಯ್ತು ಕಣಮ್ಮ," ಎಂದರು ಅವರು. ದನಿಯಲ್ಲಿ ಮಾತ್ರ ಮದುವೆಮನೆಯ ಸಡಗರವಿತ್ತು. "ಹತ್ತೂ ಆಸ್ಪತ್ರೆ ಸೇರಿಸಿ ನೋಡಿದ್ದಾಯ್ತು. ಲೆಕ್ಕದವರು ಮೂರು ಸಲ ಹಾಕಿ ನೋಡಿದ್ರು. ಗುಳಿಗೆಯವರು ಬೇಗ ಎದ್ದು ನಡೀತಿದ್ದಾರೆ. ಮಿಷನ್ನಿಗೆ ಹೋಗೋರು ಅರ್ಧಕ್ಕರ್ಧ ಕಮ್ಮಿ. ಸಾಯೋರೂ ಕಮ್ಮಿ. ಅನುಮಾನವೇ ಇಲ್ಲ."

"ಸೋಲಲಿ ಸರ್," ಎಂದಳು ಅವಳು. "ಸೋಲಲಿ ಬಿಡಿ." ಡಬ್ಬಿಯನ್ನು ಅಲ್ಲೇ ಬಿಟ್ಟು, ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ದೊಡ್ಡ ಸಿಸ್ಟರು ಅವಳ ಮುಖ ನೋಡಿದರು. ಮುಚ್ಚಳ ತೆಗೆದುಕೊಂಡು ಬದಿಗಿಟ್ಟು, ಅವಳನ್ನು ಎಳೆದು ಅಪ್ಪಿಕೊಂಡರು. ನಡಿಗೆ ಮಾಸ್ತರನಿಗೆ ಅವತ್ತಷ್ಟೇ ಔಷಧಿಗಳ ಹೆಸರು ಹೇಳಿದರು. ಅವನು, "ಗೆದ್ದಿದ್ದು ಕೀಲುನೋವಿನ ಗುಳಿಗೆನಾ? ನಮ್ಮ ವಿಭಾಗದ್ದು," ಎಂದು ಕಾಲರು ಎತ್ತಿಕೊಂಡು ಇಡೀ ಮಹಡಿ ತಿರುಗಿದ.

ಆ ಹೊತ್ತಿಗೆ ಡಿಸ್ಚಾರ್ಜಾಗಿ ಮನೆ ಸೇರಿದ್ದ ಲಾರಿ ಡ್ರೈವರಿಗೂ ಫೋನು ಹೋಯಿತು. ಅವನು ಗೆದ್ದವನ ಹಾಗೆ ಮೆರೆಯಲಿಲ್ಲ. "ಬ್ರೋಕರಿಗೆ ಕೊಟ್ರಾ?" ಎಂದು ಕೇಳಿದ, ಅಷ್ಟೇ.

ಬ್ರೋಕರಿಗೆ ಸುದ್ದಿ ಬಂದ ಕೂಡಲೇ ಕೊಟ್ಟಾಗಿತ್ತು. ಮಿಷನ್ನಿನಿಂದ ಇಳಿದು ವಾರ್ಡಿಗೆ ಬಂದಿದ್ದರೂ ಅವರು ಅಲ್ಲೇ ನಿಂತುಬಿಟ್ಟಿದ್ದರು, ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ. ಗುಳಿಗೆ ಶುರುವಾದ ಮೇಲೆ ದಿನದಿನಕ್ಕೂ ಆಕ್ಸಿಜನ್ನಿನ ಗುಂಡಿ ಒಂದೊಂದು ಗೆರೆ ಕೆಳಗಿಳಿಯತೊಡಗಿತು. ಒಂದು ಬೆಳಿಗ್ಗೆ ಮಾಸ್ತರ ಅವರನ್ನು ವರಾಂಡಕ್ಕೆ ಕರೆತಂದ. ಅವರು ಹೊರಟರು, ಕಂಬಿ ಮುಟ್ಟದೆ ಕಿಟಕಿಯವರೆಗೆ ಹೋದರು, ತಿರುಗಿದರು. ಗಾಜಿನ ಬಾಗಿಲು ಈಗ ತೆರೆದಿತ್ತು.

"ಹೇಗಿದೆ?" ಎಂದಳು ಡಾಕ್ಟರಮ್ಮ.

"ಏನಮ್ಮ ಹೇಗಿರೋದು, ಮಂಡಿ ಹಿಡ್ಕೊಂಡಿದೆ, ಈ ಚಪ್ಪಲಿ ಜಾರುತ್ತೆ, ಆ ಕೊನೇ ಕಿಟಕಿ ಚಿಲಕ ಮುರಿದು ಯಾವ ಕಾಲ ಆಯ್ತೋ, ಗೋಡೆಗೆ ಹೊಡೆದ ಬಣ್ಣ ನೋಡಿದ್ರೆ ಇರೋ ಆರೋಗ್ಯಾನೂ ಹೋಗುತ್ತೆ, ಈ ಜಾಗಕ್ಕೆ ನಾನಾಗಿದ್ರೆ ಅರ್ಧ ಬಾಡಿಗೆನೂ ಕೊಡಿಸ್ತಿರಲಿಲ್ಲ."

ಹೇಳಿ ಮುಗಿಸಿ ಅವರೇ ಬೆರಗಾಗಿ ನಿಂತರು. ಮಾಸ್ತರ ಕ್ಲಿಪ್ಪಿನ ಅಂಕಿ ನೋಡಿ ಗಾಲಿಕುರ್ಚಿಯನ್ನು ಗೋಡೆಗೆ ಸರಿಸಿದ.

ಅವರು ಮನೆಗೆ ಹೋದ ದಿನವೇ ಕಿಟಕಿಯ ಪಕ್ಕದ ಮಂಚಕ್ಕೆ ಹಣ್ಣಿನ ಅಂಗಡಿಯ ಮುದುಕಿಯೊಬ್ಬಳು ಬಂದಳು. ಉಸಿರು ಏರುತ್ತಿತ್ತು, ಜೊತೆಗೆ ಸಿಟ್ಟೂ. ಡಾಕ್ಟರಮ್ಮ ಅಂಗೈ ಮೇಲೆ ಇಟ್ಟುಕೊಟ್ಟ ಬಿಳಿ ಗುಳಿಗೆಯನ್ನು ಅವಳು ಹುಳ ನೋಡಿದ ಹಾಗೆ ನೋಡಿದಳು.

"ಇದೇನು? ಸೂಜಿ... ಇಲ್ವಾ?"

"ಇಲ್ಲಜ್ಜಿ."

"ಬಡವರು ಅಂತ... ಗುಳಿಗೆನಾ?"

"ದೊಡ್ಡ ಮನುಷ್ಯರಿಗೂ ಈಗ ಇದೇ. ನುಂಗಿ."

ಲೋಟಕ್ಕೆ ನೀರು ಬಗ್ಗಿಸಿ ಅವಳ ಕತ್ತಿನ ಹಿಂದೆ ಕೈ ಇಟ್ಟಳು. ಮುದುಕಿ ನುಂಗಿದಳು. ನಂಬದಿದ್ದರೆ ನೋಡಿಕೋ ಎನ್ನುವಂತೆ ಬಾಯಿ ಅಗಲಿಸಿ ತೋರಿಸಿದಳು.

"ಇಷ್ಟೇನಾ?"

"ಇಷ್ಟೇ."

ಮುದುಕಿ ದಿಂಬಿಗೆ ಒರಗಿದಳು. ಡಾಕ್ಟರಮ್ಮ ಲೋಟ ತೊಳೆದಿಟ್ಟು, ಸ್ಟ್ರಿಪ್ಪನ್ನು ಸಿಸ್ಟರ ಕೈಗೆ ದಾಟಿಸಿದಳು. ಬೆಳ್ಳಿಹಾಳೆ ಒಡೆಯುವ ಸಣ್ಣ ಚಿಟ್‌ ಸದ್ದು ಪಕ್ಕದ ಮಂಚದಲ್ಲಿ ಕೇಳಿಸಿತು, ಆಮೇಲೆ ಅದರ ಪಕ್ಕದ ಮಂಚದಲ್ಲಿ, ಹಾಗೇ ಸಾಲಿನ ಕೊನೆಯವರೆಗೆ.